ಬೇಲಿ ಕಡೆಯ ನಾಲ್ಕು ಸಾಲು

ಅತ್ತೆ,

ಮದುವೆಯಾದ ಹೊಸದರಲ್ಲಿ ನಿನ್ನನ್ನು ‘ನೀನು’ ಎಂದು ಕರೆದಿದ್ದಕ್ಕೆ ಊರಿನ ಹೆಂಗಸರು ಮೂಗು ಮುರಿದಿದ್ದರು, ನೆನಪಿದೆಯಾ? ಬೋರ್‌ವೆಲ್ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತವರ ಎದುರಿಗೇ ನೀನು ಅಂದೆ: “ನಮ್ಮಣ್ಣನ ಮಗ್ಳು ಕಣ್ರವ್ವ ಇವ್ಳು. ನನ್ ತೊಡೆ ಮ್ಯಾಲೆ ಉಚ್ಚೆ ಉಯ್ದು ಬೆಳ್ದೋಳು. ಈಗ ನೀವು ಗೀವು ಅಂದ್ರೆ ನಂಗೇ ನಗ ಬತ್ತದೆ.” ಅದಕ್ಕೇ ಕಾಗದದಲ್ಲೂ ನೀನು ಎಂದೇ ಬರೆಯುತ್ತಿದ್ದೇನೆ. ನೀನು ಹೋಗಿ ಮೂರು ವರ್ಷ ತುಂಬಿತು. ಇಷ್ಟು ದಿನ ಇಲ್ಲದ್ದು ಈಗ ಯಾಕೆ ಎಂದು ಕೇಳುವವಳು ನೀನು. ಹೇಳಿಬಿಡುತ್ತೇನೆ. ನಿನ್ನ ಮೊಮ್ಮಗಳು ಪವಿತ್ರಳಿಗೆ ಉಬ್ಬಸ ಬಂದಿದೆ. ಹತ್ತು ವರ್ಷದ ಕೂಸು. ಎದೆಯೊಳಗೆ ನಿನ್ನದೇ ಸೀಟಿ, ಭುಜ ಎತ್ತಿ ಎತ್ತಿ ಉಸಿರು ಎಳೆಯುವುದೂ ನಿನ್ನ ಹಾಗೆಯೇ. ಅದು ಅವಳವರೆಗೆ ಬಂದ ದಾರಿ ಯಾವುದು ಎಂದು ಹುಡುಕುತ್ತಾ ಹೋದರೆ ನನ್ನ ಕೈಯೇ ಕಣ್ಣಿಗೆ ಬೀಳುತ್ತದೆ.

ತೋಟದ ಮೂಡಲ ಬೇಲಿಯಾಚೆ ಮೊದಲ ಸಲ ಜೆಸಿಬಿ ಬಂದ ದಿನ ನೀನು ಸೊಪ್ಪಿನ ಹೊರೆ ಇಳಿಸದೆಯೇ ನಿಂತು ನೋಡಿದ್ದೆ. ಹಾರೋಹಳ್ಳಿ ಕಡೆಯಿಂದ ಒಂದೊಂದೇ ಹೊಲ ನುಂಗುತ್ತಾ ಕಾರ್ಖಾನೆಗಳು ಮರಳವಾಡಿ ರಸ್ತೆಯವರೆಗೂ ಬಂದಿದ್ದವು. ಆಚೆಯ ರಾಗಿ ಹೊಲ ಹೋಗಿ ಅಲ್ಲಿ ಹಳೇ ಕಬ್ಬಿಣ ಕರಗಿಸುವ ಕಾರ್ಖಾನೆ ಎದ್ದಿತು. ನಿನ್ನ ಮಗ ಗೊಣಗಿದಾಗ, “ಬುಡ್ಲಾ ನಾಗ, ನಾಕ್ ಮನೆ ಮಕ್ಳಿಗೆ ಕೆಲ್ಸ ಆಯ್ತದೆ” ಎಂದವಳು ನೀನೇ. ಕೆಲಸವೇನೋ ಆಯಿತು. ಬೆಳಗ್ಗೆ ಒಣಹಾಕಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಬೂದಿ ಬಣ್ಣವೂ ಆಯಿತು. ಗಾಳಿಯಿಲ್ಲದ ದಿನ ಹೊಗೆ ಮೇಲೆ ಹೋಗುತ್ತಿರಲಿಲ್ಲ. ಬೇಲಿ ದಾಟಿ ಬಂದು ಹಿಪ್ಪುನೇರಳೆ ಗಿಡಗಳ ಮೇಲೆ ಕೂತುಬಿಡುತ್ತಿತ್ತು. ನಿನಗೆ ಮೊದಲ ಸಲ ಉಸಿರು ಕಟ್ಟಿದ್ದು ಆ ವರ್ಷವೇ ಅಲ್ಲವೇ? ವಯಸ್ಸು ಅಂದುಕೊಂಡೆವು. ಚಳಿ ಅಂದುಕೊಂಡೆವು. ಹೊಗೆ ಎಂಬ ಮಾತು ಮಾತ್ರ ಯಾರ ಬಾಯಲ್ಲೂ...

ಕನಕಪುರದ ಡಾಕ್ಟರು ಉಬ್ಬಸಕ್ಕೆ ಕೊಟ್ಟ, ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪನ್ನು ನೀನು ಬಸ್ಸಿನಲ್ಲೇ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದೆ, ಯಾರಾದರೂ ನೋಡಿದರೆ ಮಾನ ಹೋದೀತು ಎನ್ನುವ ಹಾಗೆ. “ಇದುನ್ನ ಒಂದ್ ಸಲ ಬಾಯಿಗಿಟ್ರೆ ಸಾಯೋಗಂಟ ಬುಡಕ್ಕಾಗಲ್ವಂತೆ. ನಂಗ್ಯಾಕವ್ವ ಈ ಚಟ?” ಮನೆಗೆ ಬಂದವಳೇ ಅದನ್ನು ಹಳೇ ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿದೆ. ನಿನ್ನ ನಂಬಿಕೆಯೆಲ್ಲ ನಿಮ್ಮವ್ವ ಕಲಿಸಿದ ಕಷಾಯದ ಮೇಲೆ. ಹಿಪ್ಪುನೇರಳೆ ಎಲೆ, ಆಡುಸೋಗೆ, ಶುಂಠಿ, ಅರಿಶಿನ, ಚೂರು ಬೆಲ್ಲ. ಮೂರು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು. ಸಾವನದುರ್ಗದ ಬುಡದಲ್ಲಿದ್ದ ನಮ್ಮ ತವರಿನಲ್ಲಿ ಅದನ್ನು ಕುಡಿಯದ ಮನೆಯಿರಲಿಲ್ಲ. ನೀನು ಕುಡಿದು ಎದೆ ನೀವಿಕೊಂಡು, “ನೋಡು, ಒಸಿ ಬಾಗ್ಲು ತೆಗ್ದಂಗಾಯ್ತು” ಎನ್ನುತ್ತಿದ್ದೆ. ನಿನಗಿಂತ ನಾನೇ ಹೆಚ್ಚು ನಂಬಿದೆ ಅತ್ತೆ. ಇನ್ನೊಂದು ಸಲ ಡಾಕ್ಟರ ಹತ್ತಿರ ಹೋಗೋಣ ಎಂದ ನಿನ್ನ ಮಗನ ಮೇಲೆ ರೇಗಿ, “ನಿಮಗೇನ್ ಗೊತ್ತು ಸುಮ್ನಿರಿ” ಎಂದು ಬಾಯಿ ಮುಚ್ಚಿಸಿದೆ. ಪಂಪು ಯಾವ ಡಬ್ಬಿಯಲ್ಲಿದೆ ಎಂದು ನನಗೆ ಗೊತ್ತಿತ್ತು, ಹೇಳಲಿಲ್ಲ.

ಆ ವರ್ಷದ ಎರಡನೇ ಬೆಳೆ ನೆನಪಿದೆಯಾ? ನಾಲ್ಕನೇ ಸಲ ಪೊರೆ ಬಿಡುವ ಜ್ವರದ ನಿದ್ದೆಯಿಂದೆದ್ದ ರೇಷ್ಮೆ ಹುಳ, ಹಸಿದು ತಟ್ಟೆ ತುಂಬ ತಲೆ ಎತ್ತಿದ್ದವು. ಬೇಲಿ ಕಡೆಯ ಸೊಪ್ಪು ಕೊಯ್ದು ತಂದು ಹಾಕಿದೆವು. ಸಂಜೆಯ ಹೊತ್ತಿಗೆ ಅವು ತಲೆ ಅತ್ತಿತ್ತ ಆಡಿಸುತ್ತಾ ಹಸಿರು ನೀರು ಕಕ್ಕತೊಡಗಿದವು. ಮಾರನೆಯ ದಿನ ಆ ತಟ್ಟೆಗಳಲ್ಲಿ ಒಂದೂ ಅಲುಗಲಿಲ್ಲ. ನಿನ್ನ ಮಗ ತೋಟಕ್ಕೆ ಹೋಗಿ ಬೇಲಿ ಪಕ್ಕದ ಎಲೆಯ ಮೇಲೆ ಬೆರಳು ಉಜ್ಜಿ ಬಂದು ನಮ್ಮಿಬ್ಬರ ಮುಂದೆ ಹಿಡಿದ. ಬೆರಳು ಕಾಡಿಗೆ ಬಳಿದ ಹಾಗಿತ್ತು. “ಬೇಲಿ ಕಡೆ ನಾಕ್ ಸಾಲು ಹುಳುಕ್ಕೆ ಬ್ಯಾಡ. ಐದ್ನೇ ಸಾಲಿಂದ ಈಚೆ ಕೊಯ್ರಿ” ಎಂದ. ಅಲ್ಲಿಗೆ ಅದೊಂದು ಕಟ್ಟಳೆಯಾಯಿತು. ಹುಳದ ಮನೆಯ ಕಟ್ಟಳೆಗಳು ಮೊದಲೇ ಎಷ್ಟಿದ್ದವು! ಕಾಲು ತೊಳೆಯದೆ ಒಳಗೆ ಬರುವಂತಿಲ್ಲ, ಬೀಡಿ ಸೇದಿದ ಬಾಯಿ ಬಾಗಿಲಾಚೆ, ತಲೆಗೆ ಘಮಘಮ ಎಣ್ಣೆ ಹಚ್ಚಿದವಳೂ ಆಚೆ, ಊದುಬತ್ತಿಯ ಹೊಗೆ ಕೂಡ ಸುಳಿಯುವಂತಿಲ್ಲ. ಹೊಸ ಸೊಸೆ ನನಗೆ ಎಂದಾದರೂ ಇಷ್ಟು ನಾಜೂಕು ಮಾಡಿದ್ದೀಯಾ ಎಂದು ನಾನು ನಿನ್ನನ್ನು ರೇಗಿಸುತ್ತಿದ್ದೆ.

ಕೊಯ್ಯುವವರಿಲ್ಲದೆ ಆ ನಾಲ್ಕು ಸಾಲು ಕೊಬ್ಬಿ ಬೆಳೆದವು. ಅಂಗೈಯಗಲದ ಎಲೆ, ಕಡು ಹಸಿರು. ನೀನು ಒಂದು ದಿನ ಕೊಂಬೆ ಬಗ್ಗಿಸಿ ಹಿಡಿದು, “ಏನ್ ಸೊಪ್ಪು ಬಂದೈತೆ ನೋಡವ್ವ, ಒಂದ್ ತೂತಿಲ್ಲ!” ಎಂದೆ. ನಿಜ, ಒಂದು ಎಲೆಯಲ್ಲೂ ಹುಳು ತಿಂದ ಗುರುತಿರಲಿಲ್ಲ. ಕಂಬಳಿಹುಳವಿಲ್ಲ, ಜೇಡದ ಬಲೆಯಿಲ್ಲ, ಬುಡದಲ್ಲಿ ಇರುವೆಯ ಗೂಡೂ ಇಲ್ಲ. ನಾವಿಬ್ಬರೂ ಅದನ್ನು ನೋಡಿ ಸಂತೋಷಪಟ್ಟೆವಲ್ಲ ಅತ್ತೆ! ಒಳಗಿನ ಸಾಲಿನಿಂದ ನಿನ್ನ ಕಷಾಯಕ್ಕೆ ನಾನು ಎರಡು ಎಲೆ ಕಿತ್ತರೆ, “ಹುಳುದ್ ಬಾಯಿಂದ ಯಾಕ್ ಕಿತ್ಕತೀಯ, ಬೇಲಿ ಕಡೆ ಬಿದ್ದೈತಲ್ಲ” ಎಂದು ಬೈದೆ. ಆಡುಸೋಗೆಯಂತೂ ಬೇಲಿಯೊಳಗೇ ಬೆಳೆದಿತ್ತು. ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ತೊಳೆದ ಹಾಗೆ. ಹುಳ ಸೂಕ್ಷ್ಮದ ಜೀವ, ಮನುಷ್ಯ ಗಟ್ಟಿ, ಅವಕ್ಕಾಗದ್ದು ನಮಗೇನು ಮಾಡೀತು ಎಂದೇ ಹುಟ್ಟಿದಾಗಿನಿಂದ ಕೇಳಿ ಬೆಳೆದವರು ನಾವು. ಹುಳ ಸತ್ತ ಸೊಪ್ಪನ್ನು ಕುದಿಸಿ ಸೋಸಿ ನಿನ್ನ ಕೈಗೆ ಕೊಟ್ಟೆ. ದಿನಾ ಬೆಳಗ್ಗೆ, ವರ್ಷದ ಮೇಲಾಯಿತು. ನಿನ್ನ ಉಸಿರು ಹೆಚ್ಚು ಕಟ್ಟಿದಷ್ಟೂ ಎಲೆ ಹೆಚ್ಚು ಹಾಕಿದೆ.

ಕೊನೆಯ ದಿನದ್ದು ಬರೆಯಲೇಬೇಕು. ಮಧ್ಯಾಹ್ನ ಊಟದ ಹೊತ್ತು. ಹುಳ ಹಣ್ಣಾಗಿದ್ದವು, ಮೈಯೆಲ್ಲ ಹಳದಿಗೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಟ್ಟೆಯ ಅಂಚಿಗೆ ಹತ್ತುತ್ತಿದ್ದವು. ಆಗಲೇ ಎತ್ತಿ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಕಂಡಕಂಡಲ್ಲಿ ನೂಲು ಸುತ್ತಿ ಹಾಳಾಗುತ್ತವೆ ಎಂದು ನನಗೆ ಕಲಿಸಿದವಳೇ ನೀನು. ನೀನು ಜಗಲಿಯ ಕಂಬಕ್ಕೆ ಒರಗಿ, ಬೇಲಿಯ ಕಡೆ ಮುಖ ಮಾಡಿ ಕೂತಿದ್ದೆ. ನಿನ್ನ ತುಟಿ ನೇರಳೆ ಹಣ್ಣು ತಿಂದ ಹಾಗೆ ಆಗಿತ್ತು. ಆಟೋ ಕರೆಸುತ್ತೇನೆ ಎಂದೆ. ನೀನು ಬೇಡವೆಂದು ಕೈಯಾಡಿಸಿದೆ. “ಹುಳ ಹಣ್ಣಾಗವೆ. ಮೊದ್ಲು ಅವುನ್ನ ಎತ್ತವ್ವ. ನಾನೆಲ್ಲೋಗ್ತೀನಿ?” ಒಂದೊಂದು ಮಾತಿಗೂ ನಿಂತು ನಿಂತು ಹೇಳಿದೆ. ನಾನು ಕಷಾಯದ ಲೋಟ ನಿನ್ನ ಕೈಯಲ್ಲಿಟ್ಟು ಒಳಗೆ ಹೋದೆ. ಎಷ್ಟು ಹೊತ್ತು ಎತ್ತುತ್ತಾ ಇದ್ದೆನೋ. ಹೊರಗೆ ಬಂದಾಗ ಲೋಟ ಖಾಲಿಯಾಗಿತ್ತು, ನೀನು ಹಾಗೆಯೇ ಒರಗಿದ್ದೆ, ಕಣ್ಣು ಕಾರ್ಖಾನೆಯ ಚಿಮಣಿಯ ಮೇಲಿತ್ತು. ಆ ಬೆಳೆ ಚೆನ್ನಾಗಿ ಬಂತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೈಯಲ್ಲಿ ಹಿಡಿದು ನೋಡಿದವರೆಲ್ಲ ಹೊಗಳಿದರಂತೆ. ನಾನು ಅಟ್ಟ ಹತ್ತಿ ಡಬ್ಬಿ ತೆಗೆದು ಪಂಪನ್ನು ಕೈಯಲ್ಲಿಟ್ಟುಕೊಂಡು ಅತ್ತುಬಿಟ್ಟೆ. ಯಾರಿಗೂ ಹೇಳಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಸವಿತಾ ಎಂಬ ಹುಡುಗಿ ಮನೆ ಬಾಗಿಲಿಗೆ ಬಂದಳು. ಸಸ್ಯಗಳ ಔಷಧಿ ಗುಣದ ಮೇಲೆ ಓದುತ್ತಿರುವವಳಂತೆ. ಹೆಗಲಿಗೆ ಚೀಲ, ಕೈಯಲ್ಲಿ ನೋಟ್‌ಬುಕ್ಕು. ಉಬ್ಬಸಕ್ಕೆ ಈ ಕಡೆಯ ಜನ ಯಾವ ಎಲೆ ಬಳಸುತ್ತಾರೆ ಎಂದು ಕೇಳುತ್ತಾ ಊರೂರು ತಿರುಗುತ್ತಿದ್ದಳು. ನಿನ್ನ ಕಷಾಯದ ವಿಷಯ ಹೇಳಿದೆ. ಅವಳ ಕಣ್ಣು ಅರಳಿತು. “ಉಬ್ಬಸ ಇರೋರ ಉಸಿರಿನ ಕೊಳವೆ ಒಳಗೆ ಯಾವಾಗಲೂ ಒಂದು ಉರಿ ಇರುತ್ತೆ ಅಕ್ಕ. ಹೊಗೆ, ದೂಳು ಹೋದ್ರೆ ಅದು ಹೆಚ್ಚುತ್ತೆ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗಲ್ವಾ? ಹಂಗೇ ಮೈಯೊಳಗೂ ಹಾಳಾಗೋ ಕೆಲಸ ನಡೀತಿರುತ್ತೆ. ಅದನ್ನ ತಡೆಯೋ ಗುಣ ಕೆಲವು ಎಲೆ, ಕಾಯಿಲಿ ಇದೆ. ಆ್ಯಂಟಿಆಕ್ಸಿಡೆಂಟ್ ಅಂತೀವಿ. ನಿಮ್ಮ ಹಿಪ್ಪುನೇರಳೇಲಿ ಇದೆ, ಅರಿಶಿನದಲ್ಲಿದೆ, ನೆಲ್ಲಿಕಾಯಲ್ಲೂ ಇದೆ” ಎಂದಳು. “ಹಂಗಾದ್ರೆ ಉಬ್ಸುಕ್ಕೆ ಇದೇ ಔಸ್ತಿನಾ?” ಎಂದು ಕೇಳಿದೆ. “ಆಗಬಹುದೇನೋ ಅಂತ ಹುಡುಕ್ತಾ ಇದ್ದೀವಿ. ಆಗುತ್ತೆ ಅಂತ ಹೇಳೋ ಕಾಲ ಇನ್ನೂ ಬಂದಿಲ್ಲ. ಪಂಪು ಬಿಟ್ಟು ಇದನ್ನೇ ನಂಬಿ ಕೂರಬಾರ್ದು ಅಕ್ಕ.” ಅವಳ ಮಾತಿನ ಮೊದಲ ಅರ್ಧ ಕಿವಿಗೆ ಬಿತ್ತು, ಕೊನೆಯ ಅರ್ಧ ಬೀಳಲಿಲ್ಲ. ನಾನು ತಪ್ಪು ಮಾಡಿಲ್ಲ ಎನ್ನುವವರು ಮೂರು ವರ್ಷಕ್ಕೆ ಒಬ್ಬರಾದರೂ ಸಿಕ್ಕರಲ್ಲ ಎಂದು...

ಅವಳು ಬೇಲಿ ಕಡೆಯ ಸೊಪ್ಪು ಒಂದು ಚೀಲಕ್ಕೆ, ಒಳಗಿನ ಸಾಲಿನದು ಇನ್ನೊಂದು ಚೀಲಕ್ಕೆ ಹಾಕಿಕೊಂಡು ಹೋದಳು. ಅವತ್ತು ಒಲೆಯ ಮುಂದೆ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ನಮ್ಮತ್ತೆ ದಡ್ಡಿ ಅಂತಿದ್ರಲ್ಲ, ನೋಡ್ಕಳಿ. ಓದ್ದೋರೇ ಬಂದು ಹೇಳ್ಬುಟ್ರು. ಆ ಸೊಪ್ಪು ಉಸ್ರಿಗೆ ಒಳ್ಳೇದಂತೆ.” ಪವಿತ್ರ ತಟ್ಟೆಯಲ್ಲಿದ್ದ ಮುದ್ದೆ ಮುರಿಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಆ ನೋಟ ಯಾಕೆಂದು ನನಗೆ ಹೊಳೆಯಬೇಕಿತ್ತು. ಶಾಲೆಯಿಂದ ಬರುವಾಗ ದಿಣ್ಣೆ ಹತ್ತಲು ಆಗ ಶುರುವಾಗಿದ್ದ ಕಷ್ಟವನ್ನು ಅವಳು ನನ್ನಿಂದ ಮುಚ್ಚಿಟ್ಟಿದ್ದಳಂತೆ.

ಮೂರು ವಾರದ ಹಿಂದೆ, ಭಾನುವಾರ ಮಧ್ಯಾಹ್ನ, ಮತ್ತೆ ಹುಳ ಹಣ್ಣಾಗಿದ್ದವು. ನಾನು ಎತ್ತುತ್ತಿದ್ದೆ. ಹೊರಗೆ ಸೀಟಿಯ ಸದ್ದು. ಮೊದಲು ಕಾರ್ಖಾನೆಯದು ಅಂದುಕೊಂಡೆ. ಆಮೇಲೆ ಕೈ ನಿಂತಿತು. ಆ ಸದ್ದು ನನಗೆ ಗೊತ್ತಿಲ್ಲವೇ ಅತ್ತೆ? ಬಂದು ನೋಡಿದರೆ ಪವಿತ್ರ, ಜಗಲಿಯ ಮೇಲೆ, ನೀನು ಒರಗುತ್ತಿದ್ದ ಕಂಬಕ್ಕೇ ಒರಗಿದ್ದಾಳೆ. ಬಾಯಿ ಬಿಟ್ಟು ಗಾಳಿ ಎಳೆಯುತ್ತಿದ್ದಾಳೆ, ಗಾಳಿ ಒಳಗೆ ಹೋಗುತ್ತಿಲ್ಲ. ಕುತ್ತಿಗೆಯ ಗುಳಿ ಸೇದಿಕೊಂಡು ಹೋಗಿದೆ. ಎತ್ತಿಕೊಳ್ಳಲು ಬಗ್ಗಿದೆ. ನನ್ನ ಕೈ ಹಿಡಿದು ತಳ್ಳಿ ಆ ಕೂಸು ಹೇಳಿದ್ದೇನು ಗೊತ್ತಾ? “ಹುಳ ಹಣ್ಣಾಗವಲ್ಲಮ್ಮ. ಮೊದ್ಲು ಅವುನ್ನ... ಎತ್ತು.”

ಯಾರು ಕಲಿಸಿದ್ದರು ಅವಳಿಗೆ? ನೀನಾ, ನಾನಾ? ನನ್ನ ಮೈಯಲ್ಲಿ ಅದೆಲ್ಲಿಂದ ಸಿಟ್ಟು ಬಂತೋ ಕಾಣೆ. “ಹುಳುದ್ ಮನೆ ಹಾಳಾಗೋಗ್ಲಿ!” ಎಂದು ಕಿರುಚಿದೆ. ಇಪ್ಪತ್ತು ವರ್ಷ ಮೆಲ್ಲಗೆ ಮುಚ್ಚಿ ತೆರೆದ ಆ ಬಾಗಿಲನ್ನು ಹಾಗೇ ಹಾರುಹೊಡೆದು ಬಿಟ್ಟು, ನಿನ್ನ ಮಗನ ಟಿವಿಎಸ್ ಮೇಲೆ ಮಗುವನ್ನು ನಡುವೆ ಕೂರಿಸಿಕೊಂಡು ಕನಕಪುರಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವಳ ಬೆನ್ನು ನನ್ನ ಎದೆಗೆ ಒತ್ತಿತ್ತು. ಒಂದೊಂದು ಉಸಿರೂ ನನಗೆ ತಿಳಿಯುತ್ತಿತ್ತು. ಎರಡು ಉಸಿರಿನ ನಡುವೆ ಅಷ್ಟು ಹೊತ್ತು ಆಗುತ್ತದೆ ಎಂದು ನಿನ್ನ ಪಕ್ಕ ಒಂದು ಗಳಿಗೆ ಕೂತಿದ್ದರೆ ಅವತ್ತೇ ತಿಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ ಔಷಧಿಯ ಹಬೆ ಕೊಟ್ಟರು. ಗಂಟೆ ಕಳೆದ ಮೇಲೆ ಅವಳ ಉಗುರಿಗೆ ಬಣ್ಣ ಬಂತು. ಮನೆಯಲ್ಲಿ ಏನಾದರೂ ಕೊಡುತ್ತಿದ್ದೀರಾ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಮಾಸ್ಕಿನೊಳಗಿಂದ ಪವಿತ್ರ, “ನಾನೇ ಅಜ್ಜಿ ಕಷಾಯ ಮಾಡ್ಕೊಂಡ್ ಕುಡೀತೀನಿ. ನೀನೇ ಹೇಳ್ದಲ್ಲಮ್ಮ ಒಳ್ಳೇದು ಅಂತ” ಎಂದಳು. ನಾನು ಅವಳ ಕಡೆ ಬಗ್ಗಿದೆ. “ಯಾವ್ ಸಾಲಿಂದು ಕಿತ್ತೆ?” “ಬೇಲಿ ಕಡೇದು. ಹುಳುಂದು ಮುಟ್ಬಾರ್ದಲ್ವಾ?” ಎಷ್ಟು ಒಳ್ಳೆಯ ಮಗು ನೋಡು. ಒಂದು ಕಟ್ಟಳೆಯನ್ನೂ ಮೀರಿಲ್ಲ.

ಸವಿತಾ ಹೋದ ವಾರ ಮತ್ತೆ ಬಂದಳು, ಈ ಸಲ ನೋಟ್‌ಬುಕ್ಕು ತೆಗೆಯಲಿಲ್ಲ. ಬೇಲಿ ಕಡೆಯ ಎಲೆಯಲ್ಲಿ ಅವಳು ಹುಡುಕುತ್ತಿದ್ದ ಗುಣ ಒಳಗಿನ ಸಾಲಿಗಿಂತ ಜಾಸ್ತಿಯೇ ಇತ್ತಂತೆ. “ಹೊಗೆ ಜೊತೆ ಗುದ್ದಾಡಿ ಗಿಡ ತನ್ನ ಜೀವ ಉಳಿಸ್ಕೊಳ್ಳೋಕೆ ಮಾಡ್ಕೊಂಡಿರಬಹುದು ಅಕ್ಕ” ಎಂದಳು. ಆಮೇಲೆ ತಲೆ ತಗ್ಗಿಸಿದಳು. “ಆದ್ರೆ ಅದ್ರಲ್ಲಿ ಹೊಗೇಲಿ ಬರೋ ಸೀಸದ ವಿಷವೂ ಇತ್ತು. ಕುದಿಸಿದ್ರೆ, ಸೋಸಿದ್ರೆ ಹೋಗೋದಲ್ಲ ಅದು. ಯಾರೂ ಕುಡೀತಿಲ್ಲ ತಾನೇ?” ಗಿಡಕ್ಕೂ ಉಸಿರು ಕಟ್ಟಿತ್ತು. ಅದು ತನಗೆ ಮಾಡಿಕೊಂಡ ಮದ್ದನ್ನು ನಾನು ವಿಷದ ಸಮೇತ ಕಿತ್ತು ನಿನಗೆ ಕುಡಿಸಿದೆ. ನಿನ್ನನ್ನು ಕೊಂಡುಹೋದದ್ದು ಆ ಸೊಪ್ಪೋ, ಹೊಗೆಯೋ, ಪಂಪು ಮುಟ್ಟದ ನಿನ್ನ ಹಟವೋ, ಅದಕ್ಕೆ ಹೂಂಗುಟ್ಟಿದ ನಾನೋ? ಮಗಳ ವಿಷಯದಲ್ಲೂ ಡಾಕ್ಟರು ಇದೇ ಕಾರಣ ಎಂದು ಬೊಟ್ಟು ಮಾಡಲಿಲ್ಲ. ಹೊಗೆ, ಹುಳದ ದೂಳು, ಮನೆತನದಿಂದ ಬಂದದ್ದು, ಎಲ್ಲ ಸೇರಿರಬಹುದು ಎಂದರು. ರಕ್ತ ಪರೀಕ್ಷೆಗೆ ಕೊಟ್ಟು ಬಂದಿದ್ದೇವೆ, ಉತ್ತರ ಇನ್ನೂ ಬಂದಿಲ್ಲ. ನಿನಗೆ ಕೈಮುಗಿದು ಕ್ಷಮೆ ಕೇಳಬೇಕು ಎನ್ನಿಸುತ್ತದೆ. ನೀನಿದ್ದಿದ್ದರೆ “ಹೋಗವ್ವ, ಕೆಲ್ಸ ನೋಡೋಗು” ಎನ್ನುತ್ತಿದ್ದೆ, ಅದು ಗೊತ್ತಿದ್ದೂ ಅಳು ನಿಲ್ಲುವುದಿಲ್ಲ.

ಅವತ್ತು ಆಸ್ಪತ್ರೆಯಿಂದ ಬಂದಾಗ ಹುಳ ಕಂಡಕಂಡಲ್ಲಿ ಗೂಡು ಕಟ್ಟಿದ್ದವು. ತಟ್ಟೆಯ ಸಂದಿಯಲ್ಲಿ, ಗೋಡೆಯ ಮೂಲೆಯಲ್ಲಿ, ಮೊಳೆಗೆ ತಗುಲಿ ಹಾಕಿದ್ದ ನಿನ್ನ ಹಳೇ ಸೀರೆಯ ಮಡಿಕೆಯೊಳಗೆ. ಒಂದೂ ಮಾರುಕಟ್ಟೆಗೆ ಹೋಗುವ ಹಾಗಿರಲಿಲ್ಲ. ನಿನ್ನ ಮಗ ಪೊರಕೆ ತಂದ. ಆ ನಾಲ್ಕು ಸಾಲನ್ನು ಇಬ್ಬರೂ ಸೇರಿ ಬುಡಸಮೇತ ಕಿತ್ತೆವು. ಹುಳದ ಮನೆಯ ಹಿಕ್ಕೆ, ದೂಳು ಎಲ್ಲ ತೆಗೆದು, ನೆಲ ಗೋಡೆ ಮೂರು ಸಲ ನೀರಲ್ಲಿ ತೊಳೆದೆ. ಹೊಸ ಹುಳ ತಂದಿಲ್ಲ. ನಿನಗೆ ಒಂದು ದಿನವೂ ಮಲಗಲು ಕೊಡದ ಆ ಕೋಣೆಯಲ್ಲಿ, ಸಣ್ಣ ಜಾಲರಿಯ ಕಿಟಕಿಯ ಪಕ್ಕ, ಈಗ ಪವಿತ್ರಳ ಮಂಚವಿದೆ. ಪಂಪು ಅವಳ ತಲೆದಿಂಬಿನ ಕೆಳಗಿರುತ್ತದೆ. ಶಾಲೆಗೂ ಒಯ್ಯುತ್ತಾಳೆ, ಎಲ್ಲರ ಎದುರಿಗೇ ಬಾಯಿಗಿಡುತ್ತಾಳೆ. ಕಾಲು ತೊಳೆಯದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಹುಳಕ್ಕೆ ಮಾಡಿದ್ದ ಕಟ್ಟಳೆಗಳನ್ನೆಲ್ಲ ಈಗ ಅವಳಿಗೆ ಮಾಡಿದ್ದೇನೆ.

ಆದರೂ ನಿನಗೆ ಸುಳ್ಳು ಹೇಳಲಾರೆ. ಬೇಲಿಯಾಚೆ ಎರಡನೇ ಚಿಮಣಿಗೆ ಇಟ್ಟಿಗೆ ಬಂದು ಬಿದ್ದಿದೆ. ಇವತ್ತು ಬೆಳಗ್ಗೆ ತೋಟಕ್ಕೆ ಹೋಗಿ, ಈಗ ಬೇಲಿಗೆ ಮೊದಲಾಗಿ ನಿಂತಿರುವ ಐದನೇ ಸಾಲಿನ ಎಲೆಗಳನ್ನು ನೋಡಿದೆ. ಕಡು ಹಸಿರು, ಅಂಗೈಯಗಲ, ಒಂದೂ ತೂತಿಲ್ಲ. ಬೆರಳು ಉಜ್ಜಿದೆ. ಬೆರಳು ಕಪ್ಪಾಯಿತು. ಆರನೇ ಸಾಲಿನ ಹತ್ತಿರ ಹೋಗಿ ಕೈ ಚಾಚಿದವಳು ಹಾಗೇ ವಾಪಸು ಬಂದೆ, ಧೈರ್ಯ ಸಾಲಲಿಲ್ಲ. ನಾಳೆ ಹೋಗುತ್ತೇನೆ, ಆಣೆಗೂ. ಅದೂ ಕಪ್ಪಾಗಿದ್ದರೆ ತಟ್ಟೆ, ಚಂದ್ರಿಕೆ ಎಲ್ಲ ಇಲ್ಲೇ ಬಿಟ್ಟು ಮಗುವನ್ನು ಕರೆದುಕೊಂಡು ನಮ್ಮ ತವರಿಗೆ, ಬೆಟ್ಟದ ಬುಡಕ್ಕೆ ಹೋಗುತ್ತೇನೆ. ಮನೆ ತುಂಬ ಹುಳ ಹಣ್ಣಾಗಿದ್ದಿದ್ದರೂ ನಿಲ್ಲುತ್ತಿರಲಿಲ್ಲ ಅತ್ತೆ.

ನಿನ್ನ ಅಣ್ಣನ ಮಗಳು,
ಜಯ